ಹಳ್ಳದಾಚೆಗೆ ಕಳಿಸಿದ ತಾರೀಖು

ರಾಯಬಾಗ ದಾಟಿದ ಬಸ್ಸು ಚಿಕ್ಕೋಡಿಯ ಕಡೆಗೆ ಸಾಗುತ್ತಿತ್ತು. ಬೆಳಗಿನ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಕಿಟಕಿಯ ಪಕ್ಕ ಕುಳಿತು ಅರೆನಿದ್ದೆಯಲ್ಲಿದ್ದ ನನಗೆ ರಸ್ತೆಯ ಬಲಕ್ಕೆ ಒಂದು ಹೊಲ ಕಾಣಿಸಿತು. ಸುತ್ತಲಿನ ಕಬ್ಬೆಲ್ಲ ಕಟಾವಾಗಿ ನೆಲ ಬಯಲಾಗಿತ್ತು. ಅದೊಂದೇ ಹೊಲ ಮೈತುಂಬ ಸೂಲಂಗಿ ಬಿಟ್ಟುಕೊಂಡು ನಿಂತಿತ್ತು. ಕಬ್ಬಿನ ತುದಿಯಿಂದ ಹೊರಬಂದ ಬೆಳ್ಳಗಿನ ಹೂಗರಿಗಳು ಮಂಜಿನಲ್ಲಿ ಒಮ್ಮೆ ಅತ್ತ, ಒಮ್ಮೆ ಇತ್ತ ವಾಲುತ್ತಿದ್ದವು. ನನ್ನ ಪಕ್ಕದಲ್ಲಿದ್ದ ಹೆಂಗಸು ತೊಡೆಯ ಮೇಲಿನ ಕೂಸಿಗೆ, "ನೋಡಲ್ಲೆ, ಮೋಡ ಹೊಲದಾಗ ಇಳದೈತಿ" ಎಂದು ತೋರಿಸಿದಳು.

ನೋಡುವವರಿಗೆ ಅದಕ್ಕಿಂತ ಚಂದದ ನೋಟ ಇನ್ನೊಂದಿಲ್ಲ. ಬೆಳೆದವನಿಗೆ ಮಾತ್ರ ಗೊತ್ತು, ಹೂ ಬಂತೆಂದರೆ ಕಬ್ಬಿನ ಕಾಲ ಮೀರಿತು ಎಂದು. ಒಳಗಿನ ರಸ ಇಂಗುತ್ತದೆ, ಗಳ ಬೆಂಡಾಗುತ್ತದೆ. ಯಾವುದೋ ಕಾರಣಕ್ಕೆ ಆ ಹೊಲದ ಕಟಾವಿನ ಪಾಳಿ ತಪ್ಪಿತ್ತು.

ನಾನು ಮುಖ ಆಚೆ ತಿರುಗಿಸಿದೆ. ಹೀಗೆಯೇ ಹೂ ಬಿಟ್ಟ ಒಂದು ಹೊಲ ಎಷ್ಟೋ ವರ್ಷದಿಂದ ನನ್ನೊಳಗೆ ನಿಂತಿದೆ. ಅದನ್ನು ಹಾಗೆ ನಿಲ್ಲಿಸಿದವನು ನಾನೇ. ಅದನ್ನು ಹೇಳಬೇಕಾದವರಿಗೆ ಹೇಳಿಬಿಡೋಣವೆಂದು ಅಂದು ನಿಪ್ಪಾಣಿಗೆ ಹೊರಟಿದ್ದೆ.

ನಾನು ಸಕ್ಕರೆ ಕಾರ್ಖಾನೆಯೊಂದರಲ್ಲಿ ಫೀಲ್ಡ್‌ಮನ್ ಆಗಿದ್ದವನು. ಹತ್ತನೆಯ ತರಗತಿ ಪಾಸಾದವನಿಗೆ ನನ್ನ ಕಾಲಕ್ಕೆ ಅದು ದೊಡ್ಡ ನೌಕರಿ. ಯಾರ ಹೊಲದಲ್ಲಿ ಎಷ್ಟು ಕಬ್ಬಿದೆ, ಯಾವ ದಿನ ನಾಟಿಯಾಗಿದೆ ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಆ ದಿನವನ್ನು ನಮ್ಮ ಕಡೆ ಲಾಗಣಿ ತಾರೀಖು ಅನ್ನುತ್ತಾರೆ. ಕಟಾವಿನ ಪಾಳಿ ಹಚ್ಚುವುದು ಅದರ ಮೇಲೆಯೇ. ಮೊದಲು ನೆಟ್ಟವನ ಕಬ್ಬು ಮೊದಲು ಕಾರ್ಖಾನೆಗೆ ಹೋಗಬೇಕು. ಆದ್ದರಿಂದ ಸತ್ತಿ, ಐನಾಪುರದ ಸುತ್ತಿನ ಹಳ್ಳಿಗಳಲ್ಲಿ ನನ್ನ ಹೆಸರು ಈರಪ್ಪ ಎಂಬುದನ್ನೇ ಜನ ಮರೆತಿದ್ದರು. ಎಲ್ಲರಿಗೂ ನಾನು ಫೀಲ್ಡ್‌ಮನ್ ಸಾಹೇಬ. ಹೊಲಕ್ಕೆ ಹೋದರೆ ಬೇವಿನ ನೆರಳಿಗೆ ಹೊರಸು ತಂದು, ಅದರ ಮೇಲೆ ಹೊಸ ಕೌದಿ ಹಾಸುತ್ತಿದ್ದರು. ನಾನು ಪೆನ್ನಿನ ಟೊಪ್ಪಿಗೆ ತೆಗೆದರೆ ಸುತ್ತ ಮಾತು ನಿಲ್ಲುತ್ತಿತ್ತು. ಆ ಮೌನದ ರುಚಿ ನನಗೆ ಹತ್ತಿತ್ತು.

ನನ್ನ ನಿವೃತ್ತಿಗೆ ಒಂದೇ ಹಂಗಾಮು ಉಳಿದಿದ್ದ ವರ್ಷ ರುಬಿನಾ ಬಂದಳು.

ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬರ ಮಗಳು. ಕಂಪ್ಯೂಟರ್ ಓದಿದ್ದಳು. ರಜಿಸ್ಟರ್ ಬಿಟ್ಟು ಯಂತ್ರದಲ್ಲಿ ಪಾಳಿ ಹಚ್ಚುವ ವ್ಯವಸ್ಥೆಯನ್ನು ತಾನೇ ಬರೆದು ತಂದಿದ್ದಳು. ಒಂದು ಹಂಗಾಮಿನ ಮಟ್ಟಿಗೆ ನೋಡೋಣವೆಂದು ಕಾರ್ಖಾನೆಯವರು ಅವಳನ್ನು ತೆಗೆದುಕೊಂಡು ನಮ್ಮ ಸಣ್ಣ ಆಫೀಸಿಗೆ ಕಳಿಸಿದ್ದರು. ನಮ್ಮ ಕಬ್ಬು ವಿಭಾಗದ ಸಾಹೇಬರು ಮೊದಲ ದಿನವೇ ಎಲ್ಲರ ಎದುರಿಗೆ ಅವಳಿಗೆ ಹೇಳಿದರು: "ನೋಡ್ ತಂಗಿ, ಒಂದ ಪಾಳಿ ತಪ್ಪಿದ್ರ ರೈತರು ನನ್ನ ಅಂಗಿ ಹಿಡೀತಾರ. ಒಂದ ಒಂದು ತಪ್ಪ ಆದ್ರೂ ನಿನ್ನ ಮಷೀನ್ ಗಂಟ ಕಟ್ಟಿ, ನಿನ್ನ ಜೋಡಿ ನಿಪ್ಪಾಣಿ ಬಸ್ಸಿಗೆ ಹಾಕತೇನಿ."

"ಹಾಕ್ರಿ ಸರ್," ಎಂದಳು ಹುಡುಗಿ. "ಆದ್ರ ತಪ್ಪ ಎಲ್ಲೈತಿ ತೋರಿಸಿ ಹಾಕ್ರಿ."

ಸಾಹೇಬರೂ ನಕ್ಕರು, ನಾವೂ ನಕ್ಕೆವು. ಅವಳು ನಗಲಿಲ್ಲ.

ನನ್ನ ಕೈಗೆ ಅವಳು ಕೊಟ್ಟದ್ದು ಅಂಗೈಗಿಂತ ತುಸು ದೊಡ್ಡದಾದ ಕಪ್ಪು ಯಂತ್ರ. ಕೆಳಗೆ ಹುಣಸೆಬೀಜದಂಥ ಗುಂಡಿಗಳು, ಮೇಲೆ ಕಪ್ಪು ಪರದೆ, ಅದರಲ್ಲಿ ಬಿಳಿ ಅಕ್ಷರ. ಬೇರೆ ಬಣ್ಣವೇ ಇಲ್ಲ.

"ಇದರಾಗ ಹಾಡ ಕೇಳಸ್ತಾವೇನ ಬೇ?" ಎಂದು ಕೇಳಿದೆ.

"ಇಲ್ರಿ ಕಾಕಾ. ಇದರಾಗ ಲಿನಕ್ಸ್ ಐತಿ."

"ಅದ್ಯಾವ ಹೊಸಾ ರೋಗ?"

"ರೋಗ ಅಲ್ರಿ! ಮಷೀನ್ ನಡಸೂ ವ್ಯವಸ್ಥಾ. ಆಫೀಸಿನ ಕಂಪ್ಯೂಟರಿನ್ಯಾಗೂ ಅದನ್ನ ಹಾಕೇನಿ. ಒಂದ ಭಾಷಾ ಆಡೂ ಅಕ್ಕ-ತಂಗಿ ಇದ್ದಂಗ. ತಂತಿ ಬ್ಯಾಡ, ಸಿಮ್ ಬ್ಯಾಡ. ಗಾಳ್ಯಾಗ ಮಾತಾಡತಾವು."

ಆಫೀಸಿನ ಮಾಳಿಗೆಯ ಮೇಲೆ ಅವಳು ಒಂದು ಬಿಳಿಯ ತಟ್ಟೆಯನ್ನು ಕಂಬಕ್ಕೆ ಕಟ್ಟಿ ನಿಲ್ಲಿಸಿದ್ದಳು. ಅದರ ದೃಷ್ಟಿಗೆ ಬೀಳುವಷ್ಟು ದೂರದಲ್ಲಿ ನಿಂತು, ಯಂತ್ರದಲ್ಲಿ ಒಂದು ಶಬ್ದ ಬರೆದು ಗುಂಡಿ ಒತ್ತಿದರೆ ನಾನು ಬರೆದ ಪಟ್ಟಿ ಕಂಪ್ಯೂಟರಿಗೆ ಹೋಗಿ ಕೂಡುತ್ತಿತ್ತು. ನನಗಾಗಿ ಅವಳು ಎರಡು ಶಬ್ದಗಳನ್ನು ಮಾಡಿಟ್ಟಿದ್ದಳು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ನಮ್ಮದೇ ಮಾತು. 'ಕಳಸು' ಎಂದರೆ ನನ್ನದು ಅಲ್ಲಿಗೆ ಹೋಗುತ್ತದೆ. 'ತಗೊ' ಎಂದರೆ ಅಲ್ಲಿಯದು ನನ್ನಲ್ಲಿಗೆ ಬರುತ್ತದೆ.

ಒಂದು ದಿನ ಅವಳು ಕೇಳಿದಳು, "ಕಾಕಾ, ರಜಿಸ್ಟರಿನ್ಯಾಗ ತಾರೀಖ ತಪ್ಪಾದ್ರ ನೀವು ಏನ ಮಾಡತಿದ್ರಿ?"

"ಅಡ್ಡ ಗೀಟ ಹೊಡೀತೇವಿ. ಬಾಜೂಕ ಹೊಸಾದ ಬರದು ಸಹಿ ಮಾಡತೇವಿ."

"ಇದರಾಗ ಗೀಟ ಇಲ್ರಿ. ಯಾವ ಫೈಲ್ ಹೊಸಾದೈತಿ ಅದು ಹಳೇದರ ಮ್ಯಾಲ ಹೋಗಿ ಕುಂದರತೈತಿ. ಹಳೇದು ಅಳಿಸಿ ಹೋಗತೈತಿ. ಸಹಿಗೆ ಜಾಗಾ ಮಾಡಬೇಕಿತ್ತು, ಈ ವರ್ಷ ಆಗಲಿಲ್ಲ. ಇರ್ಲಿ ಬಿಡ್ರಿ, ಬರಿಯೋರು ನೀವ ಇದ್ದೀರಲ್ಲ."

ಅಷ್ಟು ಸಲೀಸಾಗಿ ಅಂದುಬಿಟ್ಟಳು.

ಆ ಶ್ರಾವಣದಲ್ಲಿ ಕೃಷ್ಣೆ ದಂಡೆ ಬಿಟ್ಟು ಹರಿದಳು. ನಮ್ಮ ಊರಿಗೂ ಆಫೀಸಿಗೂ ನಡುವೆ ಒಂದು ಹಳ್ಳ. ನದಿಯ ನೀರು ಹಿಮ್ಮುಖವಾಗಿ ಹಳ್ಳಕ್ಕೆ ಏರಿ ಅದನ್ನೂ ಒಂದು ನದಿ ಮಾಡಿತು. ಆಫೀಸಿನ ಕೆಳಕೋಣೆಗೆ ನೀರು ನುಗ್ಗಿ ಕಪಾಟಿನಲ್ಲಿದ್ದ ರಜಿಸ್ಟರುಗಳೆಲ್ಲ ನೆನೆಸಿಟ್ಟ ಹಿಂಡಿಯಂತಾದವು. ನನ್ನ ಕೈಬರಹದ ಅಷ್ಟು ವರ್ಷಗಳು. ಕಂಪ್ಯೂಟರು ಮಾತ್ರ ಉಳಿಯಿತು. ಅದನ್ನು ಮಾಳಿಗೆಯ ಕೋಣೆಯಲ್ಲೇ ಇಡಬೇಕೆಂದು ರುಬಿನಾ ಮೊದಲೇ ಹಟ ಹಿಡಿದಿದ್ದಳು. ರಜಿಸ್ಟರಿನ ತಾರೀಖುಗಳನ್ನು ನಾವು ಮಳೆಗಾಲದ ಮೊದಲೇ ಯಂತ್ರಕ್ಕೆ ಏರಿಸಿದ್ದರಿಂದ ಹಂಗಾಮು ನಿಲ್ಲುವಂತಿರಲಿಲ್ಲ. ಆದರೆ ಇನ್ನು ಮೇಲೆ ಆ ಫೈಲೇ ಸಾಕ್ಷಿ. ಬೇರೆ ಸಾಕ್ಷಿಯಿಲ್ಲ.

ಆ ದಿನಗಳು ಈಗ ನೆನೆದರೆ ಯಾವುದೋ ಕನಸಿನಲ್ಲಿ ನಡೆದಂತಿವೆ. ಕಣ್ಣು ಹಾಯುವಷ್ಟು ದೂರ ಕಂದು ನೀರು. ಅದರ ಮೇಲೆ ಕಬ್ಬಿನ ತುದಿಗಳಷ್ಟೇ ಹಸಿರು ಗೀರುಗಳಂತೆ ಕಾಣುತ್ತಿದ್ದವು. ಮೊಬೈಲಿಗೆ ಸಿಗ್ನಲ್ ಇಲ್ಲ, ಕರೆಂಟು ಇಲ್ಲ. ರುಬಿನಾ ಆಫೀಸಿನ ಪಕ್ಕದ ಮನೆಯವರಲ್ಲಿ ಉಳಿದುಕೊಂಡು ಕಂಪ್ಯೂಟರನ್ನು ಬ್ಯಾಟರಿಯ ಮೇಲೆ ನಡೆಸುತ್ತಿದ್ದಳು. ಯಾರ ಹೊಲಕ್ಕೆ ಎಷ್ಟು ನೀರು ಹೊಕ್ಕಿದೆ ಎಂದು ಪಟ್ಟಿಯಲ್ಲಿ ಬರೆದುಕೊಂಡು ನಾನು ದಿನಾ ಸಂಜೆ ಈಚೆ ದಂಡೆಗೆ ಬಂದು ನಿಲ್ಲುತ್ತಿದ್ದೆ. ಹಳ್ಳದ ಈ ಕಡೆ ಎತ್ತರದ ಜಾಗ ಒಂದೇ ಇತ್ತು, ಪದ್ಮಣ್ಣನ ಹೊಲದ ಬದು. ಅಲ್ಲಿ ನಿಂತರೆ ಮಾಳಿಗೆಯ ಮೇಲಿನ ಬಿಳಿ ತಟ್ಟೆ ನೇರ ಕಾಣುತ್ತಿತ್ತು.

ಪದ್ಮಣ್ಣ ನನಗಿಂತ ಎರಡು-ಮೂರು ವರ್ಷಕ್ಕೆ ಚಿಕ್ಕವನು, ಜೈನರವನು. ಮೆಲ್ಲಗೆ ಮಾತಾಡುವ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನುಷ್ಯ. ತನ್ನ ಹೊಲದ ಪಂಪಿನ ಖೋಲಿಯಿಂದ ಕೊಡೆ ತಂದು ನನ್ನ ತಲೆಯ ಮೇಲಲ್ಲ, ಯಂತ್ರದ ಮೇಲೆ ಹಿಡಿಯುತ್ತಿದ್ದ.

"ನೀವು ತೊಯ್ದ್ರ ನಡೀತೈತ್ರಿ ಈರಪ್ಪಣ್ಣ, ನಿಮ್ಮನ್ನ ಒಣಗಸಬಹುದು. ಅದು ತೊಯ್ದ್ರ ಇಡೀ ಊರಿನ ಕಬ್ಬ ತೊಯ್ತು."

ನಾನು 'ಕಳಸು' ಎಂದು ಬರೆದು ಗುಂಡಿ ಒತ್ತುತ್ತಿದ್ದೆ. ಪರದೆಯ ಮೇಲೆ ಬಿಳಿ ಸಾಲುಗಳು ಒಂದೊಂದಾಗಿ ಮೇಲೇರುತ್ತಿದ್ದವು. ನಾವಿಬ್ಬರೂ ಉಸಿರು ಹಿಡಿದು ನೀರಿನಾಚೆ ನೋಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಮಾಳಿಗೆಯ ಮೇಲೆ ರುಬಿನಾ ಕಾಣಿಸಿಕೊಂಡು ತನ್ನ ಹಳದಿ ಓಢಣಿಯನ್ನು ಒಮ್ಮೆ ಎತ್ತಿ ಬೀಸುತ್ತಿದ್ದಳು. ಮುಟ್ಟಿತು ಎಂದು ಅರ್ಥ. ನೀರು ಇಳಿದು ಸಿಗ್ನಲ್ ಬಂದ ಮೇಲೂ ನಾವು ಆ ರೂಢಿ ಬಿಡಲಿಲ್ಲ. ಫೋನು ಮಾಡುವ ಬದಲು ಅವಳು ಓಢಣಿಯನ್ನೇ ಬೀಸುತ್ತಿದ್ದಳು. ನನ್ನ ಬರಹ ನೀರಿನ ಮೇಲೆ ನಡೆದುಹೋಗಿ ಆಚೆ ದಂಡೆ ಹತ್ತಿತು ಎಂದು ನನಗೆ ಒಂದು ಬಗೆಯ ಸುಖವಾಗುತ್ತಿತ್ತು. ಇಷ್ಟು ಹೇಳಿದ ಮೇಲೆ ಆ ಯಂತ್ರವನ್ನು ನಾನು ದ್ವೇಷಿಸುತ್ತಿದ್ದೆ ಎಂದು ಯಾರೂ ತಿಳಿಯಬಾರದು. ನಾನು ಸಹಿಸಲಾರದೇ ಹೋದದ್ದು ಬೇರೆಯೇ.

ದಸರೆಯ ದಿನ ಬೀಗರ ಮನೆಗೆ ಊಟಕ್ಕೆ ಹೋಗಿದ್ದೆ. ನನ್ನ ಮಗಳನ್ನು ಕೊಟ್ಟ ಮನೆ. ಅವರ ಹೊಲ ಪದ್ಮಣ್ಣನ ಹೊಲಕ್ಕೆ ಹೊಂದಿಕೊಂಡೇ ಇತ್ತು. ಪದ್ಮಣ್ಣ ಹಿಂದಿನ ವರ್ಷ ಆಷಾಢದ ಮೊದಲ ವಾರ ಕಬ್ಬು ನೆಟ್ಟಿದ್ದ. ಬೀಗರು ನೆಟ್ಟದ್ದು ಶ್ರಾವಣ ಮುಗಿಯುವಾಗ. ಪಂಕ್ತಿಯಲ್ಲಿ ಇಪ್ಪತ್ತು ಜನ ಕುಳಿತಿರುವಾಗ ಬೀಗರು ಕೇಳಿದರು, "ಏನ್ರಿ ಬೀಗರ, ಈ ಸಲ ನಮ್ಮ ಕಬ್ಬ ಕಾರ್ತೀಕದಾಗ ಹೋಗಬೇಕ ನೋಡ್ರಿ."

"ಈಗ ಎಲ್ಲಾ ಮಷೀನಿನ್ಯಾಗ ಐತ್ರಿ. ಪಾಳಿ ಅದ ಹಚ್ಚತೈತಿ," ಎಂದೆ.

ಅವರು ಹೋಳಿಗೆಯ ಮೇಲೆ ತುಪ್ಪ ಸುರಿದುಕೊಳ್ಳುತ್ತ ಪಂಕ್ತಿಗೆಲ್ಲ ಕೇಳುವಂತೆ ನಕ್ಕರು. "ಅಂದ್ರ ನಿಮ್ಮ ಕೈಯಾಗ ಇನ್ನ ಏನೂ ಇಲ್ಲನ್ರಿ! ಮೊದಲ ನಿಮ್ಮ ಪೆನ್ನಿಗೆ ವಜ್ಜೆ ಇತ್ತು. ಈಗ ಆ ನಿಪ್ಪಾಣಿ ಹುಡಗಿ ನಿಮಗೊಂದು ಆಡೂ ಸಾಮಾನ ಕೊಟ್ಟು ಹೊಲದಾಗ ನಿಲ್ಲಿಸ್ಯಾಳ, ಬೆದರಬೊಂಬಿ ನಿಲ್ಲಿಸಿದಂಗ!"

ಎಲ್ಲರೂ ನಕ್ಕರು. ಬಡಿಸುತ್ತಿದ್ದ ನನ್ನ ಮಗಳು ತಲೆ ತಗ್ಗಿಸಿಕೊಂಡು ಒಳಗೆ ಹೋದಳು. ನಾನೂ ನಗುತ್ತ ಹೋಳಿಗೆ ಮುರಿದೆ.

ಇದನ್ನು ನೆವವಾಗಿ ಹೇಳುತ್ತಿಲ್ಲ. ಅವರು ನಕ್ಕದ್ದು ಅವರ ಪಾಡಿಗೆ. ಮುಂದಿನದು ನನ್ನ ಬೆರಳು ಮಾಡಿದ್ದು.

ಅದಾಗಿ ಮೂರು ದಿನಕ್ಕೆ ಪದ್ಮಣ್ಣನ ಪಂಪಿನ ಖೋಲಿಯಲ್ಲಿ ಕುಳಿತಿದ್ದೆ. ಹಿಂಗಾರಿನ ಜಿನುಗು ಮಳೆ. ಹಳ್ಳದ ಮೇಲೆ ಸಣ್ಣ ಮಂಜು ಎದ್ದು ಆಚೆ ದಂಡೆ ಇದ್ದೂ ಇಲ್ಲದಂತಿತ್ತು. ಪದ್ಮಣ್ಣನ ಹೆಂಡತಿ ಕಳಿಸಿದ್ದ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ ಉಂಡಾಗಿತ್ತು. ಅವನು ಹೊರಗೆ ನೀರಿನ ಗೇಟು ತಿರುಗಿಸುತ್ತಿದ್ದ. ನಾನು ಯಂತ್ರದಲ್ಲಿ ಹಳ್ಳದ ದಂಡೆಯ ಹೊಲಗಳ ಪಟ್ಟಿ ತೆರೆದೆ. ಪದ್ಮಣ್ಣನ ಸಾಲು, ಅದರ ಕೆಳಗೇ ಬೀಗರ ಸಾಲು. ಬೀಗರ ತಾರೀಖೊಂದನ್ನೇ ಹಿಂದೆ ತಂದರೆ ಸಿಕ್ಕಿಬೀಳುತ್ತಿದ್ದೆ. ಆಷಾಢದ ಹೊಲ ಎಷ್ಟು, ಶ್ರಾವಣದ ಹೊಲ ಎಷ್ಟು ಎಂದು ರುಬಿನಾ ಪ್ರತಿ ಸಂಜೆ ಎಣಿಸಿ ತಾಳೆ ನೋಡುತ್ತಿದ್ದಳು. ಆದ್ದರಿಂದ ಎರಡನ್ನೂ ಅದಲುಬದಲು ಮಾಡಿದೆ. ಪದ್ಮಣ್ಣನ ಆಷಾಢ ಬೀಗರಿಗೆ, ಬೀಗರ ಶ್ರಾವಣ ಪದ್ಮಣ್ಣನಿಗೆ. ಎಣಿಕೆ ಮೊದಲಿನಷ್ಟೇ ಉಳಿಯಿತು.

ಬದುವಿಗೆ ಹೋಗಿ ನಿಂತೆ. ಪದ್ಮಣ್ಣ ಕೈ ತೊಳೆದುಕೊಂಡು ಓಡಿಬಂದು ಯಂತ್ರದ ಮೇಲೆ ಕೊಡೆ ಹಿಡಿದ. ಅವನ ಭುಜ ತೋಯುತ್ತಿತ್ತು.

"ಕಳಸ್ರಿ," ಎಂದ.

ಕಳಿಸಿದೆ.

ಮಂಜಿನಾಚೆ ಹಳದಿ ಓಢಣಿ ಒಮ್ಮೆ ಮೇಲೆದ್ದು ಇಳಿಯಿತು. "ಮುಟ್ಟಿತ ನೋಡ್ರಿ!" ಎಂದು ಪದ್ಮಣ್ಣ ಖುಷಿಪಟ್ಟ. ಹೊಸ ಫೈಲು ಹಳೆಯದರ ಮೇಲೆ ಹೋಗಿ ಕುಳಿತಿತು. ಗೀಟಿಲ್ಲ, ಸಹಿಯಿಲ್ಲ.

ಕಾರ್ತೀಕದಲ್ಲಿ ಕಾರ್ಖಾನೆಯ ಚಿಮಣಿ ಹೊಗೆ ಬಿಟ್ಟಿತು. ಮಹಾರಾಷ್ಟ್ರದ ಕಡೆಯಿಂದ ಕಡಿಯುವವರ ಟೋಳಿಗಳು ಬಂದು ಗುಡಿಸಲು ಹಾಕಿದವು. ಗಾಳಿಯಲ್ಲಿ ಕಾಕಂಬಿಯ ಸಿಹಿ, ಸುಟ್ಟ ಕಬ್ಬಿನ ರವದಿಯ ಕಮಟು. ಮೊದಲ ವಾರದಲ್ಲೇ ಬೀಗರ ಹೊಲಕ್ಕೆ ಟೋಳಿ ಬಂತು. ಬೀಗರು ನನ್ನ ಬೆನ್ನ ಮೇಲೆ ಕೈ ಹಾಕಿ, "ವಜ್ಜೆ ಐತ್ರಿ, ಇನ್ನೂ ವಜ್ಜೆ ಐತಿ!" ಎಂದರು. ಅಂದು ಒಂದು ದಿನ ನನಗೆ ಚಂದ ಅನ್ನಿಸಿತು. ಒಂದೇ ದಿನ.

ಆಷಾಢಕ್ಕೂ ಶ್ರಾವಣದ ಕೊನೆಗೂ ನಡುವೆ ಸುತ್ತಿನ ಹಳ್ಳಿಗಳ ನೂರಾರು ಹೊಲಗಳಿದ್ದವು. ಪದ್ಮಣ್ಣನ ಪಾಳಿ ಅವೆಲ್ಲದರ ಹಿಂದಕ್ಕೆ ಹೋಗಿತ್ತು. ಅವನು ಆಫೀಸಿಗೆ ಬಂದ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ.

"ಸಾಹೇಬ್ರ, ನಂದು ಆಷಾಢದ ಲಾಗಣಿ ಐತ್ರಿ. ಬಾಜೂಕಿನ ಹೊಲ ನಂದರ ಆಮ್ಯಾಲ ನೆಟ್ಟದ್ದು. ಅದು ಹೋತು, ನಂದು ನಿಂತೈತಿ."

ರುಬಿನಾ ಕಂಪ್ಯೂಟರಿನಲ್ಲಿ ನೋಡಿದಳು. "ಇಲ್ಲಿ ಶ್ರಾವಣ ಅಂತ ಐತ್ರಿ ಸರ್."

ಸಾಹೇಬರು ನನ್ನ ಕಡೆ ತಿರುಗಿದರು. "ಈರಪ್ಪ, ಬರದವ ನೀನು. ನಿನಗ ನೆನಪೈತೇನು?"

ಪದ್ಮಣ್ಣ ನನ್ನನ್ನು ನೋಡಿದ. ಅವನ ಮುಖದಲ್ಲಿ ಆಗಲೇ ಸಮಾಧಾನ ಬಂದಿತ್ತು, ಈರಪ್ಪಣ್ಣ ಇದ್ದಾನಲ್ಲ ಎಂದು.

"ಇಷ್ಟ ಹೊಲದಾಗ ಒಂದೊಂದು ಎಲ್ಲಿ ನೆನಪಿರತೈತ್ರಿ ಸರ್," ಎಂದೆ. "ನಾ ಬರದಿದ್ದ ಕಳಿಸೇನಿ. ಮುಂದ ಗಾಳ್ಯಾಗ ಏನಾತು, ನನಗೇನ ಗೊತ್ತು."

ಆ ಕೊನೆಯ ಮಾತು ನನ್ನ ಬಾಯಿಂದ ಯಾಕೆ ಬಂತು ಎಂದು ಇಂದಿಗೂ ಕೇಳಿಕೊಳ್ಳುತ್ತೇನೆ. ಯಾರೂ ಅದನ್ನು ಕೇಳಿರಲಿಲ್ಲ. ಅಲ್ಲಿದ್ದ ರೈತರು ಅದನ್ನೇ ಎತ್ತಿಕೊಂಡರು. ವಾರದೊಳಗೆ ಸುತ್ತಿನ ಚಹಾದಂಗಡಿಗಳಲ್ಲೆಲ್ಲ, ಗಾಳಿಯಲ್ಲಿ ಕಳಿಸಿದ ತಾರೀಖು ಗಾಳಿಯಲ್ಲೇ ಬದಲಾಗುತ್ತದಂತೆ ಎಂಬ ಮಾತು ಹಬ್ಬಿತು.

ಪುಷ್ಯದ ಚಳಿಯಲ್ಲಿ ಪದ್ಮಣ್ಣನ ಕಬ್ಬು ಸೂಲಂಗಿ ಬಿಟ್ಟಿತು. ಸುತ್ತಲಿನ ಹೊಲಗಳೆಲ್ಲ ಖಾಲಿ. ನಡುವೆ ಅದೊಂದೇ ಬೆಳ್ಳಗೆ, ನೆಲದಿಂದ ಎದ್ದ ಮಂಜಿನ ಗುಡ್ಡೆಯಂತೆ. ಸಂಜೆಯ ಬಿಸಿಲು ಬಿದ್ದಾಗ ಆ ಗರಿಗಳು ನಸುಗೆಂಪಾಗಿ ಹೊಳೆಯುತ್ತಿದ್ದವು. ರಸ್ತೆಯಲ್ಲಿ ಹೋಗುವವರು ಬೈಕು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ನಾನು ಆ ದಾರಿ ಬಿಟ್ಟು ಸುತ್ತು ಹಾಕಿ ಹೋಗತೊಡಗಿದೆ. ಆದರೂ ಎಲ್ಲಿಂದ ನೋಡಿದರೂ ಅದು ಕಾಣುತ್ತಿತ್ತು. ನಿದ್ದೆಯಲ್ಲೂ ಆ ಗರಿಗಳು ಸದ್ದಿಲ್ಲದೆ ವಾಲುತ್ತಿದ್ದವು.

ರುಬಿನಾ ಮಾತ್ರ ಸುಮ್ಮನೆ ಕೂಡಲಿಲ್ಲ. ತಿಂಗಳಿಗೊಮ್ಮೆ ಎಲ್ಲ ಫೈಲುಗಳ ಒಂದು ಪ್ರತಿಯನ್ನು ಬೇರೆ ತೆಗೆದಿಡುವ ರೂಢಿ ಅವಳಿಗಿತ್ತು. ಅದು ನನಗೆ ಗೊತ್ತಿರಲಿಲ್ಲ. ಭಾದ್ರಪದದ ಪ್ರತಿಯಲ್ಲಿ ಪದ್ಮಣ್ಣನದು ಆಷಾಢ ಇತ್ತು, ಕಾರ್ತೀಕದ್ದರಲ್ಲಿ ಶ್ರಾವಣ. ಅವಳು ಎರಡನ್ನೂ ಕಾಗದದ ಮೇಲೆ ತೆಗೆದುಕೊಂಡು ಸಾಹೇಬರ ಮುಂದಿಟ್ಟಳು. ನಾನು ಬಾಗಿಲ ಬಳಿ ನಿಂತಿದ್ದೆ. ಈಗ ನನ್ನ ಹೆಸರು ಬರುತ್ತದೆ ಎಂದುಕೊಂಡೆ.

"ಸರ್, ತಪ್ಪ ನಂದ ಐತ್ರಿ," ಎಂದಳು ಅವಳು. "ಎರಡ ಸಾಲ ಅದಲ-ಬದಲ ಆಗ್ಯಾವು. ಫೈಲ್ ಹೋಗಿ ಕೂಡೂ ಮುಂದ ನನ್ನ ಪ್ರೋಗ್ರಾಮಿನ್ಯಾಗ ಎಲ್ಲೋ ತಪ್ಪಾಗೈತಿ. ಪದ್ಮಣ್ಣ ಕಾಕಾನ ಮಾತ ಖರೇ."

"ಯಾರರ ಕೈ ಆಡಿಸಿರಬಹುದಲ್ಲ?" ಎಂದು ಸಾಹೇಬರು ಕೇಳಿದರು.

"ಆ ಪಟ್ಟಿ ಬರಿಯೋರು ಈರಪ್ಪ ಕಾಕಾ ಒಬ್ರ ರಿ. ಅವರು ಹಂಗ ಮಾಡೋರಲ್ಲ."

ಸಾಹೇಬರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಒಂದು ಮಾತು ಸಾಕಿತ್ತು. ಅದನ್ನು ಆಡಿದ್ದರೆ ನಿವೃತ್ತಿಯ ಹೊತ್ತಿನಲ್ಲಿ ನನ್ನ ಮಾನ ಹೋಗುತ್ತಿತ್ತು. ಆಡದೇ ಇದ್ದರೆ ಅವಳದು ಹೋಗುತ್ತಿತ್ತು. ಆ ಮಾತು ಆಡಲಿಲ್ಲ.

ಪದ್ಮಣ್ಣನ ಹೊಲಕ್ಕೆ ಮರುದಿನವೇ ಟೋಳಿ ಕಳಿಸಿದರು. ಅಷ್ಟರಲ್ಲಿ ಕಬ್ಬು ಹಗುರಾಗಿ, ಮುರಿದರೆ ಒಳಗೆ ಹತ್ತಿಯಂತೆ ಬೆಳ್ಳಗೆ ಬೆಂಡು ಕಾಣುತ್ತಿತ್ತು. ಸಾಹೇಬರು ತಾವು ಹೇಳಿದ್ದನ್ನು ಮಾಡಿದರು. ಯಂತ್ರಗಳನ್ನು ಗಂಟು ಕಟ್ಟಿಸಿದರು. ಹೊಸ ರಜಿಸ್ಟರ್ ಬಂತು. ನನ್ನ ಕೈಗೆ ಮತ್ತೆ ಪೆನ್ನು ಬಂತು.

ಅವಳ ಪೆಟ್ಟಿಗೆಯನ್ನು ಬಸ್ಸಿನವರೆಗೆ ಹೊತ್ತು ತಂದವನು ನಾನೇ. ಬಸ್ಸು ಬರುವವರೆಗೆ ಬೇವಿನ ಕೆಳಗೆ ಕುಳಿತೆವು. ಅವಳು 'ಸುಸ್ತಾದ್ರೇನ್ರಿ ಕಾಕಾ' ಎಂದು ತನ್ನ ನೀರಿನ ಬಾಟಲಿ ಕೊಟ್ಟಳು. ನಾನು ಕುಡಿದೆ.

"ಎಲ್ಲಿ ತಪ್ಪಾತು ಅನ್ನೂದು ತಿಳೀವಲ್ದು," ಎಂದಳು. "ಒಂದೊಂದ ಸಾಲ ಓದೇನಿ. ಸಿಕ್ಕ ದಿವಸ ನಿಮಗ ಮೊದಲ ಹೇಳತೇನ್ರಿ ಕಾಕಾ."

ಬಸ್ಸು ಹೊರಟಿತು. ಧೂಳು ಇಳಿಯುವವರೆಗೂ ನಾನು ಅಲ್ಲೇ ನಿಂತಿದ್ದೆ.

ಆ ಹಂಗಾಮು ಅಲ್ಲಿಗೆ ಮುಗಿಯಿತು, ನನ್ನ ನೌಕರಿಯೂ. ಹಾರ ಹಾಕಿ, ಶಾಲು ಹೊದಿಸಿ ಕಳಿಸಿಕೊಟ್ಟರು.

ಮುಂದಿನ ಭಾದ್ರಪದದಲ್ಲಿ ಪದ್ಮಣ್ಣ ನನ್ನ ಮನೆಗೆ ಬಂದ. ಜೈನರ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿ ಎಂಬ ದಿನ ಬರುತ್ತದೆ. ಅಂದು ಅವರು ಪರಿಚಯದವರ ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ಆದ ನೋವಿಗೆ ಕ್ಷಮೆ ಕೇಳುತ್ತಾರೆ. ಅವನು ಕಟ್ಟೆಯ ಕೆಳಗೆ ನಿಂತು ಕೈಮುಗಿದ.

"ಈರಪ್ಪಣ್ಣ, ಆ ದಿವಸ ಆಫೀಸಿನ್ಯಾಗ ಎಲ್ಲಾರ ಮುಂದ ನಾ ತಕರಾರ ಮಾಡಿದೆ. ನಿಮ್ಮ ಬರಹದ ಮ್ಯಾಲ ಸಂಶೇ ಬಂದಂಗಾತು. ಕ್ಷಮಾ ಮಾಡ್ರಿ."

ನಾನು 'ಇರಲಿ ಬಿಡಪಾ' ಎಂದೆ. ಹೌದು, ಹಾಗೇ ಅಂದೆ. ಅವನ ಬೆಲ್ಲ-ಕೊಬ್ಬರಿ ಕೈಯೊಡ್ಡಿ ಇಸಿದುಕೊಂಡೆ. ಮರುವರ್ಷವೂ ಬಂದ. ಅದರ ಮರುವರ್ಷವೂ. ಹೀಗೇ ಎಷ್ಟೋ ವರ್ಷ ಕಳೆದವು. ಭಾದ್ರಪದ ಹತ್ತಿರ ಬಂದರೆ ನನಗೆ ಜ್ವರ ಬರುತ್ತಿತ್ತು. ಈ ವರ್ಷ ಅವನು ಬಾಗಿದ ಬೆನ್ನಿನಲ್ಲಿ, ಕೋಲೂರಿಕೊಂಡು ಬಂದು ಮತ್ತೆ ಕೈಮುಗಿದಾಗ ನಾನು ಕಟ್ಟೆಯಿಂದ ಇಳಿದು ಅವನ ಎರಡೂ ಕೈ ಹಿಡಿದುಕೊಂಡೆ. ಎಲ್ಲವನ್ನೂ ಹೇಳಿದೆ. ಕೊಡೆ ಹಿಡಿದದ್ದನ್ನೂ ಬಿಡದೆ ಹೇಳಿದೆ.

ಅವನು ತನ್ನ ಕೈಗಳನ್ನು ನನ್ನ ಕೈಯಿಂದ ಬಿಡಿಸಿಕೊಳ್ಳಲಿಲ್ಲ.

"ನನ್ನ ಕಬ್ಬ ಹೋತು, ಮತ್ತ ಬೆಳೀತು," ಎಂದ. "ಅದನ್ನ ನಾ ಬಿಟ್ಟೇನ್ರಿ. ಆ ಹುಡುಗಿಗೆ ಹೇಳೀರೇನು?"

ಇಲ್ಲ ಎಂದು ತಲೆಯಾಡಿಸಿದೆ.

"ಮತ್ತ ನನ್ನ ಮುಂದ ಯಾಕ ಅಳತೀರಿ?" ಎಂದು ಕೋಲು ತೆಗೆದುಕೊಂಡು ಹೋದ.

ಅದಾದ ಮೇಲೂ ನಾಲ್ಕು ತಿಂಗಳು ನನಗೆ ಧೈರ್ಯ ಬರಲಿಲ್ಲ. ಕೊನೆಗೂ ಹೊರಟ ಆ ದಿನ, ಚಿಕ್ಕೋಡಿ ದಾಟಿ ಬಸ್ಸು ನಿಪ್ಪಾಣಿ ತಲುಪಿದಾಗ ಬಿಸಿಲು ಏರಿತ್ತು. ತಂಬಾಕಿನ ಹಳೆಯ ವಖಾರಿಗಳ ಓಣಿಯಲ್ಲಿ ಕೇಳುತ್ತ ಹೋದೆ. ಗಂಟಲು ಕಟ್ಟುವ ಒಣ ತಂಬಾಕಿನ ವಾಸನೆ. ಒಂದು ಎತ್ತರದ ಮೆಟ್ಟಿಲ ಮೇಲಿನ ಸಣ್ಣ ಅಂಗಡಿ. ಒಳಗೆ ಬಿಚ್ಚಿಟ್ಟ ಕಂಪ್ಯೂಟರುಗಳು, ಪ್ರಿಂಟರುಗಳು. ಕನ್ನಡಕ ಹಾಕಿಕೊಂಡ ಹೆಂಗಸೊಬ್ಬಳು ತಲೆಯೆತ್ತಿದಳು.

"ಯಾ ಅಲ್ಲಾ! ಈರಪ್ಪ ಕಾಕಾ ಅಲ್ಲೇನ್ರಿ? ಎಷ್ಟ ಸೊರಗೀರಿ! ಬರ್ರಿ, ಕುಂದರ್ರಿ. ಏನ ರಿಪೇರಿಗೆ ತಂದೀರಿ?"

"ಏನೂ ತಂದಿಲ್ಲವ್ವಾ. ಒಂದ ಮಾತ ತಂದೇನಿ."

ನಿಂತೇ ಹೇಳಿದೆ. ಕುಳಿತು ಹೇಳುವ ಮಾತು ಅದಾಗಿರಲಿಲ್ಲ. ಅವಳ ಮುಖ ಮೊದಲು ತಿಳಿಯದೆ ನಗುತ್ತಲೇ ಇತ್ತು. ಆಮೇಲೆ ಆ ನಗು ಎಲ್ಲಿ ಹೋಯಿತೋ. ಅವಳು ಬೈಯಲಿಲ್ಲ. ಕೇಳಿದ್ದೇ ಬೇರೆ.

"ಯಾವತ್ತ?"

"ದಸರಾ ಆಗಿ ಮೂರನೇ ದಿವಸ."

"ಹೊತ್ತ?"

"ಸಂಜಿಮುಂದ. ಹೊತ್ತ ಮುಳುಗಿರಲಿಲ್ಲ."

"ಎರಡೂ ಸಾಲ ಕೈಲೆ ಬದಲ ಮಾಡಿದ್ರಿ? ಒಂದ ಸಲ ಕಳಿಸಿದ್ರಿ?"

"ಒಂದ ಸಲ."

"ಮುಟ್ಟಿತು ಅಂತ ನಾ ಓಢಣಿ ಬೀಸಿದ್ನೇನ್ರಿ?"

"ಬೀಸಿದಿ."

ಅವಳು ಎದ್ದು ಒಳಗೆ ಹೋಗಿ ಒಂದು ಹಳೆಯ ನೋಟುಬುಕ್ಕು ತಂದಳು. ಮೂಲೆಗಳು ಸವೆದು ಉರುಟಾಗಿದ್ದವು. ಒಂದು ಪುಟ ತೆರೆದು ನನ್ನ ಮುಂದೆ ಹಿಡಿದಳು. ಒಂದರ ಕೆಳಗೊಂದು ಸಾಲುಗಳು, ಕೊನೆಯದೊಂದನ್ನು ಬಿಟ್ಟು ಪ್ರತಿಯೊಂದರ ಮೇಲೂ ಅಡ್ಡ ಗೀಟು.

"ಆ ತಪ್ಪ ಹುಡುಕಿದ್ದು. ಮನೀಗೆ ಬಂದಮ್ಯಾಲೂ ಬಿಡಲಿಲ್ಲ. ಹದಿನೇಳ ಕಾರಣ ಬರದೇನಿ. ಮಳಿ ಬರದೇನಿ. ಬ್ಯಾಟರಿ ಬರದೇನಿ. ದೂರ ಬರದೇನಿ, ಮಷೀನಿನ ಗಡಿಯಾರ ಬರದೇನಿ. ಕಡೀಕ ನನ್ನ ಅಕ್ಕಲ್ ಕಮ್ಮಿ ಐತಿ ಅಂತ ಬರದೇನಿ, ಇದ ನೋಡ್ರಿ, ಇದೊಂದಕ್ಕ ಗೀಟ ಹೊಡದಿಲ್ಲ." ಅವಳ ದನಿ ಸಣ್ಣಗಾಯಿತು. "ನಿಮ್ಮ ಹೆಸರ ಬರೀಲಿಲ್ಲ ಕಾಕಾ. ಒಂದ ಸಲನೂ ಹೊಳೀಲಿಲ್ಲ."

ಓಣಿಯಲ್ಲಿ ಯಾರೋ ಕೈಗಾಡಿ ತಳ್ಳಿಕೊಂಡು ಹೋದರು. ಅವಳು ನೋಟುಬುಕ್ಕನ್ನು ತೆರೆದಂತೆಯೇ ಮೇಜಿನ ಮೇಲಿಟ್ಟಳು.

"ಅದಾದ ಮ್ಯಾಗ ನಾ ಒಂದೂ ಪ್ರೋಗ್ರಾಮ್ ಬರೀಲಿಲ್ರಿ. ಮಂದಿ ಮಾಡಿದ ಮಷೀನ್ ರಿಪೇರಿ ಮಾಡತೇನಿ, ಅಷ್ಟ. ನಾ ಬರದಿದ್ದರ ಮ್ಯಾಲ ಒಬ್ರ ಜೀವನ ನಿಂತೈತಿ ಅಂದ್ರ ಕೈ ಮುಂದ ಹೋಗೂದಿಲ್ಲ."

"ಕ್ಷಮಾ ಕೇಳಾಕ ಮುಖ ಇಲ್ಲವ್ವಾ ನನಗ."

"ಕೇಳಬ್ಯಾಡ್ರಿ. ಇವತ್ತ ಕೇಳಿದ್ರ ನಾ ಕೊಡೂದಿಲ್ಲ." ಕಣ್ಣು ಒರೆಸಿಕೊಳ್ಳದೆ ನನ್ನನ್ನೇ ನೋಡಿದಳು. "ಬರೀರಿ. ಬರಿಯೂದು ನಿಮಗ ಬರತೈತಲ್ಲ. ಅವತ್ತ ಆ ಆಫೀಸಿನ್ಯಾಗ ಇದ್ದ ಮಂದಿ, ಚಾದಂಗಡ್ಯಾಗ ನಕ್ಕ ಮಂದಿ ಈಗ ಎಲ್ಲೆಲ್ಲಿ ಅದಾರೋ. ಯಾರದರ ಕೈಗೆ ಸಿಗೂಹಂಗ ಬರೀರಿ. ನನ್ನ ಹೆಸರ ಹಾಕಿ ಬರೀರಿ."

ಬರೆಯುತ್ತೇನೆ ಎಂದೆ. ಬರೆದದ್ದು ಇದು. ರುಬಿನಾ ಮಾಡಿದ ವ್ಯವಸ್ಥೆಯಲ್ಲಿ ತಪ್ಪಿರಲಿಲ್ಲ. ಅದು ನಾನು ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಮುಟ್ಟಿಸಿತು.

ಹೊರಡಲು ತಿರುಗಿದೆ. ಅವಳು ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಯಾರದೋ ಪ್ರಿಂಟರನ್ನು ಪಕ್ಕಕ್ಕೆ ಸರಿಸಿ, ತನ್ನ ಕಂಪ್ಯೂಟರನ್ನು ಮುಂದೆ ಎಳೆದುಕೊಂಡಳು. ನೋಟುಬುಕ್ಕಿನ ಆ ಉಳಿದ ಒಂದು ಸಾಲಿನ ಮೇಲೆ ಗೀಟೆಳೆದಳು. ಪೆನ್ನನ್ನು ಒತ್ತಿದ್ದಕ್ಕೆ ಕಾಗದ ಹರಿದ ಸದ್ದು ನನಗೆ ಕೇಳಿಸಿತು. ಆಮೇಲೆ ಗುಂಡಿಗಳ ಸದ್ದು ಶುರುವಾಯಿತು, ಮೊದಲು ಒಂದೊಂದಾಗಿ, ಆಮೇಲೆ ಬೇಗಬೇಗ.

ನಾನು ಹೊಸ್ತಿಲಿಗೆ ಬಂದಾಗ ಅವಳು ತಲೆಯೆತ್ತದೆಯೇ ಹೇಳಿದಳು:

"ಕೆಳಗಿನ ಮೆಟ್ಟಲಾ ಒಡದೈತಿ. ನೋಡಿ ಇಳೀರಿ ಕಾಕಾ."